ಟ್ರಂಕಿನಾಗಿನ ಪಲ್ಟನ್ನು

ಆಗಸ್ಟ್ ಹತ್ರ ಬಂತಂದ್ರ ಸಾಲಿಯಿಂದ ಚೀಟಿ ಬರೂದು ಖಾತ್ರಿ: ಛದ್ಮವೇಷ ಸ್ಪರ್ಧೆ ಐತಿ, ಮಕ್ಕಳನ್ನ ತಯಾರ ಮಾಡಿ ಕಳಸ್ರಿ. ಬಾಡಿಗಿ ಅಂಗಡಿಗೆ ಓಡೂಕಿಂತ ಮದ್ಲ ಮನ್ಯಾಗಿನ ಟ್ರಂಕು ತಗದು ನೋಡ್ರಿ. ನಮ್ಮ ಟ್ರಂಕಿನಾಗ ಇರೂದು ಇಷ್ಟ: ಮಾವನವರ ಎರಡು ಖಾಕಿ ಅಂಗಿ, ಒಂದು ಮಂಕಿಟೊಪ್ಪಿಗಿ, ಗುಂಡಿ ಹಚ್ಚಿದ ಉಣ್ಣಿ ಸ್ವೆಟರು, ಮಾಸಿದ ನೀಲಿ ಡಂಗ್ರಿ, ಎರಡು ಬಿಳಿ ಪಂಜೆ, ಒಂದು ಕರಿ ಕೋಟು. ಇಷ್ಟರಾಗ ಸೈನಿಕ, ಪೋಸ್ಟ್‌ಮನ್, ಮೆಕ್ಯಾನಿಕ್, ನರ್ಸ್, ವಕೀಲ ಎಲ್ಲಾರೂ ತಯಾರಾಗ್ತಾರ. ಅಷ್ಟ ಅಲ್ಲ, ಈ ಅರಿವಿ ಒಂದೊಂದೂ ಯಾವುದೋ ಯುದ್ಧ, ಯಾವುದೋ ದುಡಿಮಿಯಿಂದ ನಮ್ಮ ಮನೀತನಕ ನಡಕೊಂಡು ಬಂದದ್ದು.

ಮದ್ಲ ಖಾಕಿ. ಪಾರ್ಸಿ ಭಾಷಾದಾಗ ‘ಖಾಕ್’ ಅಂದ್ರ ಧೂಳು, ಮಣ್ಣು. ಬ್ರಿಟಿಷ್ ಸೈನಿಕರು ಕೆಂಪು ಕೋಟು ಹಾಕ್ಕೊಂಡು ಮೆರಿಯೂ ಕಾಲದಾಗ, 1846ರಾಗ, ಹ್ಯಾರಿ ಲಮ್ಸ್‌ಡನ್ ಅನ್ನೂ ಅಧಿಕಾರಿ ಪೇಶಾವರದಾಗ ‘ಗೈಡ್ಸ್’ ಅನ್ನೂ ಪಡಿ ಕಟ್ಟಿದ. ಆ ಗುಡ್ಡಗಾಡಿನ ಮಣ್ಣಾಗ ಕಣ್ಣಿಗೆ ಬೀಳಬಾರದು ಅಂತ ಅವರಿಗೆ ಧೂಳಿನ ಬಣ್ಣದ ಅರಿವಿ ಹಾಕಿಸಿದ. 1857ರ ಬಂಡಾಯದಾಗ ಉಳಿದ ಬ್ರಿಟಿಷ್ ಪಲ್ಟನ್ನುಗಳೂ ಬ್ಯಾಸಗಿಯ ಬಿಳಿ ಅರಿವಿಗೆ ಚಹಾ, ಕಾಫಿ, ಕೆಸರು, ಕಡೀಕ ಮಸಾಲಿಪುಡಿ ಸೈತ ಹಚ್ಚಿ ಬಣ್ಣ ಕೆಡಿಸಿಕೊಂಡ್ವು. ಒಂದೊಂದು ಪಲ್ಟನ್ನಿನ ಬಣ್ಣ ಒಂದೊಂದು ಥರ. ಮನ್ಯಾಗ ಖಾಕಿ ಇಲ್ಲದವರು ಇದನ್ನ ಇವತ್ತೂ ಮಾಡಬಹುದು. ನಾಕು ಚಮಚ ಚಹಾಪುಡಿ ಕುದಿಸಿ ಸೋಸಿ, ಹಳೇ ಬಿಳಿ ಹತ್ತಿ ಅಂಗಿ ಅದರಾಗ ಒಂದು ತಾಸು ನೆನೆ ಹಾಕ್ರಿ. ನೆರಳಾಗ ಒಣಗಿಸಿದ್ರ ಲಮ್ಸ್‌ಡನ್ ಸಾಹೇಬ ಒಪ್ಪೂವಂಥ ಬಣ್ಣ ಬರ್ತೈತಿ. ಪಾಲಿಯೆಸ್ಟರ್‌ಗೆ ಮಾತ್ರ ಹಿಡಿಯಂಗಿಲ್ಲ.

ಖಾಕಿ ಕತಿಯಾಗ ನಮ್ಮ ಕರ್ನಾಟಕದ ಪಾಲೂ ಐತ್ರಿ. ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗಿ ಕಾರ್ಖಾನಿಗೆ 1851ರಾಗ ಬಂದ ಹಾಲರ್ ಅನ್ನಾಂವ ಖಾಕಿ ಬಣ್ಣದ ಬಟ್ಟಿ ತಯಾರಿಸಿದ ಅಂತ ಆ ಕಡೆಯವರು ಅಭಿಮಾನದಿಂದ ಹೇಳ್ತಾರ. ಪೇಶಾವರದ ಕತಿ, ಮಂಗಳೂರಿನ ಕತಿ ಎರಡರಾಗ ಜಗಳ ಹಚ್ಚೂ ಕಾರಣ ಇಲ್ಲ. ಬಣ್ಣದ ವಿಚಾರ ಹೊಳಿಯೂದು ಬ್ಯಾರೆ, ಆ ಬಣ್ಣದ ಬಟ್ಟಿ ನೇಯ್ದು ಕೊಡೂದು ಬ್ಯಾರೆ. ಒಗದರೂ ಬಿಡದಂಥ ಖಾಕಿಗೆ ಲ್ಯಾಂಕಶೈರಿನ ಗ್ಯಾಟಿ ಅನ್ನಾಂವ ಪೇಟೆಂಟ್ ತಗೊಂಡಿದ್ದು 1884ರಾಗ. 1902ಕ್ಕ ಬ್ರಿಟನ್ನಿನ ಸೈನ್ಯ ತನ್ನ ದೇಶದಾಗೂ ಕೆಲಸದ ಉಡುಪಿಗೆ ಖಾಕಿ ತಂತು. ಮುಂದ ಪೊಲೀಸ್, ಪೋಸ್ಟ್‌ಮನ್, ಡ್ರೈವರ್, ಕಂಡಕ್ಟರ್ ಎಲ್ಲಾರಿಗೂ ಅದ ಬಂತು. ಹೊಲಸು ಕಾಣಂಗಿಲ್ಲ, ತಾಳ್ತೈತಿ, ಅಗ್ಗ.

ಇನ್ನ ಸ್ವೆಟರು, ಟೊಪ್ಪಿಗಿ. ಇವೆರಡೂ ಒಂದ ಯುದ್ಧದ ಕೂಸುಗಳು. 1854ರ ಅಕ್ಟೋಬರ್ 25ಕ್ಕ ಕ್ರೈಮಿಯಾದ ಬಾಲಾಕ್ಲಾವಾದಾಗ ಕಾರ್ಡಿಗನ್ ಅನ್ನೂ ಶ್ರೀಮಂತ ಸರದಾರ ತನ್ನ ಕುದರಿ ಪಡಿ ತಗೊಂಡು ರಷ್ಯಾದ ತೋಫುಗಳ ಎದುರಿಗೇ ನುಗ್ಗಿದ. ಆರುನೂರಕ್ಕೂ ಹೆಚ್ಚು ಸವಾರರೊಳಗ ಬಹಳ ಮಂದಿ ಸತ್ರು, ಗಾಯಗೊಂಡ್ರು. ಆ ಸರದಾರ ಮಾತ್ರ ಬದುಕಿ ಬಂದ. ಗುಂಡಿಯ ಸ್ವೆಟರಿಗೆ ಇವತ್ತೂ ಅವನ ಹೆಸರ ಐತಿ. ಆ ಚಳಿಗಾಲದಾಗ ಸೈನಿಕರಿಗೆ ಬೆಚ್ಚನ ಅರಿವಿ ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ. ಇಂಗ್ಲೆಂಡಿನ ಹೆಣ್ಣುಮಕ್ಕಳು ಮನ್ಯಾಗ ಕೂತು ಉಣ್ಣಿ ಹೆಣದು ಕಳಿಸಿದರು. ಮುಖ, ಕಿವಿ ಮುಚ್ಚೂ ಟೊಪ್ಪಿಗಿಗೆ ಮುಂದ ಆ ಊರಿನ ಹೆಸರ ಬಂತು, ಬಾಲಾಕ್ಲಾವಾ ಅಂತ. ನಾವು ಅದನ್ನ ಮಂಕಿಟೊಪ್ಪಿಗಿ ಅಂದ್ವಿ. ನರ್ಸ್‌ಗಳ ಕೆಲಸಕ್ಕ ಮರ್ಯಾದಿ ತಂದ ಫ್ಲಾರೆನ್ಸ್ ನೈಟಿಂಗೇಲ್ ಹೆಸರಾದದ್ದೂ ಇದ ಯುದ್ಧದಾಗ. 1860ರಾಗ ಲಂಡನ್ನಿನಾಗ ಆಕೀ ಹೆಸರಲೆ ತರಬೇತಿ ಸಾಲಿ ಸುರು ಆತು. ಮಗಳಿಗೆ ನರ್ಸ್ ವೇಷ ಹಾಕೂದಿದ್ರ ಬಿಳಿ ಪಂಜೆ ಮಡಿಚಿ ಏಪ್ರನ್ ಕಟ್ರಿ, ಮ್ಯಾಲೆ ಕಾರ್ಡಿಗನ್ ಹಾಕ್ರಿ. ಒಂದ ಯುದ್ಧದ ಎರಡು ನೆನಪು ಒಂದ ಮೈಮ್ಯಾಲೆ.

ಡಂಗ್ರಿ ಅಂದ್ರ ಪರದೇಶದ್ದು ಅಂತ ತಿಳಕೊಂಡಿರ್ತೀವಿ. ಮುಂಬೈದಾಗ ಡೋಂಗ್ರಿ ಅಂತ ಓಣಿ ಐತಲ್ಲಾ, ಆ ಹೆಸರಿನ ಒರಟು ಹತ್ತಿ ಬಟ್ಟಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋತು. ಅಲ್ಲಿ ಕೂಲಿಕಾರರ, ನಾವಿಕರ ಅರಿವಿಯಾಗಿ, ಮತ್ತ ನಮ್ಮ ಗ್ಯಾರೇಜಿಗೇ ತಿರುಗಿ ಬಂತು. ಒಂದು ಸ್ಪ್ಯಾನರು, ಗಲ್ಲಕ್ಕ ಸ್ವಲ್ಪ ಕಾಡಿಗಿ, ಮೆಕ್ಯಾನಿಕ್ ತಯಾರ.

ನಮ್ಮ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್ ಅವರನ್ನ ಇಲ್ಲಿ ನೆನಿಬೇಕು. 1923ರಾಗ ಅವರು ಹಿಂದುಸ್ತಾನಿ ಸೇವಾದಳ ಕಟ್ಟಿದರು. ಮರುವರ್ಷ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕ ಗಾಂಧೀಜಿ ಅಧ್ಯಕ್ಷರಾಗಿದ್ದಾಗ, ಖಾದಿ ತೊಟ್ಟ ಸ್ವಯಂಸೇವಕರು ಶಿಸ್ತಿನಿಂದ ಸಾಲಾಗಿ ನಿಂತು ದುಡದರು. ಸರಕಾರ ಕೊಟ್ಟ ಉಡುಪಲ್ಲ ಅದು, ಪಗಾರಕ್ಕ ತೊಟ್ಟದ್ದೂ ಅಲ್ಲ. ಸೈನಿಕರಂಗ ಸಾಲಾಗಿ ನಿಲ್ಲಾಕ ದೊರಿಯ ಅಪ್ಪಣಿ ಬೇಕಿಲ್ಲ ಅಂತ ಅವರು ತೋರಿಸಿಕೊಟ್ರು.

ಹಂಗಂತ ಇವತ್ತು ಯಾರು ಬೇಕಾದ್ರೂ ಸೈನ್ಯದ ಉಡುಪು ಹಾಕ್ಕೊಂಡು ಅಡ್ಡಾಡಬಹುದು ಅಂತಲ್ಲ. ಸೈನಿಕ ಅಂತ ಮಂದಿ ನಂಬಲಿ ಅನ್ನೂ ಉದ್ದೇಶದಿಂದ ಆ ಉಡುಪು ಹಾಕೂದು 1860ರ ದಂಡ ಸಂಹಿತೆಯ 140ನೇ ಕಲಮಿನ ಪ್ರಕಾರ ಅಪರಾಧ ಇತ್ತು. ಈಗಿನ ಭಾರತೀಯ ನ್ಯಾಯ ಸಂಹಿತೆಯಾಗೂ ಐತಿ. ಮಕ್ಕಳ ವೇಷಕ್ಕ ಆ ಉದ್ದೇಶ ಇಲ್ಲ, ಖರೆ. ಆದ್ರೂ ಖರೇ ಪದಕ, ರ‍್ಯಾಂಕಿನ ನಕ್ಷತ್ರ, ಪಲ್ಟನ್ನಿನ ಬಿಲ್ಲೆ ಹಚ್ಚಬ್ಯಾಡ್ರಿ. ಅವು ಯಾರೋ ಜೀವಾ ಒತ್ತಿ ಇಟ್ಟು ಗಳಿಸಿದ್ದು. 2022ರ ಜನವರಿ 15ಕ್ಕ ಸೈನ್ಯ ತೋರಿಸಿದ ಹೊಸ ಚುಕ್ಕಿ ಮಾದರಿಯ ಬಟ್ಟಿಯನ್ನೂ ಹುಡುಕ್ಕೊಂಡು ಹೋಗಬ್ಯಾಡ್ರಿ. ಚಹಾ ಬಣ್ಣದ ಅಂಗಿ, ಬೆಲ್ಟು, ರಟ್ಟಿನ ಟೊಪ್ಪಿಗಿ ಸಾಕು.

ಕಡೀ ಮಾತು ಮಾವನವರ ಖಾಕಿದು. ಅವರು ಬಸ್ ಕಂಡಕ್ಟರ್ ಇದ್ದರು. ಎಡ ಭುಜದ ಮ್ಯಾಲೆ ಚೀಲದ ಪಟ್ಟಿ ತಿಕ್ಕಿ ತಿಕ್ಕಿ ಅರಿವಿ ಜಾಳಾಗೈತಿ, ಕಿಸೆದಾಗ ಶಾಯಿ ಕಲಿ. ಹೋದ ವರ್ಷ ನನ್ನ ಮಗ ಸೈನಿಕ ಆಗ್ತೀನಿ ಅಂದಾಗ ಆ ಅಂಗಿ ತೋಳು ಕತ್ತರಿಸಾಕ ಹೊಂಟಿದ್ದೆ. ಅತ್ತಿ ಕತ್ತರಿ ಕಸಗೊಂಡು, “ಮೂವತ್ತು ವರ್ಷ ನಾ ಒಗದೀನವಾ ಇದನ್ನ. ಇದು ಯಾರದು ಅಂತ ಮದ್ಲ ಅವಗ ಹೇಳು, ಆಮ್ಯಾಲೆ ಬೇಕಾದ್ದು ಹಾಕ್ಕೊಳ್ಳಿ” ಅಂದ್ರು. ಅಂವ ಅಜ್ಜಿ ಮಗ್ಗಲದಾಗ ಕೂತು ಹಬ್ಬದ ರಾತ್ರಿ ಡ್ಯೂಟಿ, ಚಿಲ್ಲರಿ ಜಗಳ, ಮಳ್ಯಾಗ ಹಳ್ಳದ ದಂಡಿಗೆ ನಿಂತ ಬಸ್ಸು ಎಲ್ಲಾ ಕೇಳಿದ. ಕೇಳಿಯೂ ಸೈನಿಕನ ಆದ, ಮಕ್ಕಳ ಹಟ. ಆದ್ರ ಅಂಗಿ ಕತ್ತರಿಸಲಿಲ್ಲ, ತೋಳು ಮಡಿಚಿ ಟಾಕಿ ಹಾಕಿದ್ವಿ.

ನೀವೂ ಅಷ್ಟ ಮಾಡ್ರಿ. ಕತ್ತರಿ ಹಾಕಬ್ಯಾಡ್ರಿ, ಟಾಕಿ ಹಾಕ್ರಿ. ಕೂಸಿಗೆ ಅಂಗಿ ತೊಡಿಸೂವಾಗ ಅದು ಯಾರ ದುಡಿಮಿದು ಅಂತ ಒಂದು ಮಾತು ಹೇಳ್ರಿ. ಸ್ಪರ್ಧೆ ಮುಗದ ಮ್ಯಾಲೆ ಟಾಕಿ ಬಿಚ್ಚಿ, ಒಗದು ಒಣಗಿಸಿ, ಬೇವಿನೆಲಿ ಹಾಕಿ ಟ್ರಂಕಿನಾಗ ಇಡ್ರಿ.