ಇಳಿಜಾರೋ ಸಮತಟ್ಟೋ: ಅಮ್ಮಿನಬಾವಿಯ ಎರೆನೆಲ ಮತ್ತು ವಾಸ್ತುಗ್ರಂಥದ ಭೂಪರೀಕ್ಷೆ

ಮನೆ ಕಟ್ಟಲು ಇಳಿಜಾರು ನೆಲ ಲೇಸೋ, ಸಮತಟ್ಟು ನೆಲ ಲೇಸೋ ಎಂಬ ಪ್ರಶ್ನೆಗೆ ಪ್ರಾಚೀನ ಗ್ರಂಥಗಳು ಕೊಡುವ ಉತ್ತರ ಮೇಲುನೋಟಕ್ಕೆ ವಿರೋಧಾಭಾಸದಿಂದ ಕೂಡಿದೆ. ಕ್ರಿ.ಶ. 6ನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯ ವಾಸ್ತುವಿದ್ಯಾಧ್ಯಾಯದಲ್ಲಿ ಸ್ನಿಗ್ಧವೂ ಸಮವೂ ಟೊಳ್ಳಿಲ್ಲದ್ದೂ ಆದ ನೆಲವನ್ನು ಪ್ರಶಂಸಿಸುತ್ತಾನೆ. ಅದೇ ಅಧ್ಯಾಯದಲ್ಲಿ ನೆಲದ ‘ಪ್ಲವ’ವನ್ನು, ಎಂದರೆ ಅದು ಇಳಿಯುವ ದಿಕ್ಕನ್ನೂ ವಿಧಿಸುತ್ತಾನೆ. ಎರಡನ್ನೂ ಕೂಡಿಸಿ ಓದಿದರೆ ತಾತ್ಪರ್ಯ ಸ್ಪಷ್ಟವಾಗುತ್ತದೆ: ನೆಲವು ಹಳ್ಳತಿಟ್ಟುಗಳಿಲ್ಲದೆ ಸಮನಾಗಿರಬೇಕು, ಆದರೆ ಮಳೆಯ ನೀರು ನಿಲ್ಲದಷ್ಟು ಓರೆಯಾಗಿರಬೇಕು.

ಈ ವಿವೇಕದ ಮೇಲೆ ವರ್ಣವ್ಯವಸ್ಥೆಯ ಲೇಪವೂ ಇದೆ. ಉತ್ತರಕ್ಕೆ ಇಳಿದ ನೆಲ ಬ್ರಾಹ್ಮಣರಿಗೆ, ಪೂರ್ವಕ್ಕೆ ಇಳಿದದ್ದು ಕ್ಷತ್ರಿಯರಿಗೆ, ದಕ್ಷಿಣಕ್ಕೆ ಇಳಿದದ್ದು ವೈಶ್ಯರಿಗೆ, ಪಶ್ಚಿಮಕ್ಕೆ ಇಳಿದದ್ದು ಶೂದ್ರರಿಗೆ ಎಂಬುದು ಅಲ್ಲಿಯ ಕ್ರಮ. ಬ್ರಾಹ್ಮಣನಾದರೋ ಎಲ್ಲಿಯೂ ವಾಸಿಸಬಹುದು. ಹರಿಯುವ ನೀರಿಗೆ ಈ ಭೇದ ತಿಳಿಯದು.

ಇದರ ಬೆನ್ನಿಗೇ ಬರುವ ಎರಡು ಪರೀಕ್ಷೆಗಳು ನೇರವಾಗಿ ಮಣ್ಣನ್ನೇ ವಿಚಾರಿಸುತ್ತವೆ. ಮನೆಯ ನಡುವೆ ಒಂದು ಮೊಳದ ಗುಂಡಿ ತೋಡಿ, ತೆಗೆದ ಮಣ್ಣನ್ನೇ ಮರಳಿ ತುಂಬಬೇಕು. ಮಣ್ಣು ಸಾಲದಿದ್ದರೆ ಅಶುಭ, ಸರಿಯಾದರೆ ಮಧ್ಯಮ, ಮಿಕ್ಕರೆ ಶುಭ. ಇಲ್ಲವೆ ಗುಂಡಿಗೆ ನೀರು ತುಂಬಿ ನೂರು ಹೆಜ್ಜೆ ನಡೆದು ಬರಬೇಕು. ನೀರು ಇಳಿಯದಿದ್ದರೆ ಆ ನೆಲ ಉತ್ತಮ.

ಈ ಮಾನದಂಡಗಳನ್ನು ಅಮ್ಮಿನಬಾವಿಯಂಥ ಊರಿನಲ್ಲಿಟ್ಟು ನೋಡಬೇಕು. ಧಾರವಾಡದಿಂದ ಸವದತ್ತಿಯ ದಾರಿಯಲ್ಲಿರುವ ಈ ಊರು ನೇಮಿನಾಥ ಬಸದಿಯಿಂದ ಜೈನ ಇತಿಹಾಸದಲ್ಲಿ ಪರಿಚಿತ. ಧಾರವಾಡವು ಮಲೆನಾಡಿನ ಅಂಚಿನ ಏರುತಗ್ಗುಗಳ ಮೇಲಿದ್ದರೆ, ಅದರ ಪೂರ್ವಕ್ಕೆ ಬೆಳವಲದ ಎರೆನೆಲ ಹರಡಿಕೊಳ್ಳುತ್ತದೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅದನ್ನು ಅಗೆದರೆ ಹೆಂಟೆಹೆಂಟೆಯಾಗಿ ಗಾತ್ರ ಹಿಗ್ಗುತ್ತದೆ. ಗುಂಡಿ ತುಂಬಿಯೂ ಮಣ್ಣು ಮಿಗುತ್ತದೆ. ಮಳೆಗಾಲದಲ್ಲಿ ನೀರಿನ ಪರೀಕ್ಷೆಯಲ್ಲಿಯೂ ಅದು ಗೆಲ್ಲುತ್ತದೆ. ಅದೇ ಗುಂಡಿಗೆ ಬೇಸಿಗೆಯಲ್ಲಿ ನೀರೆರೆದರೆ ಬಿರುಕುಗಳಲ್ಲಿ ಇಂಗಿಹೋಗುತ್ತದೆ. ಗ್ರಂಥ ‘ಉತ್ತಮ’ವೆನ್ನುವ ನೆಲವೇ ಇಲ್ಲಿ ಗೋಡೆ ಸೀಳುವ ನೆಲ. ಬಯಲು ಸಮತಟ್ಟಾದಷ್ಟೂ ನೀರು ನಿಂತು ಈ ದೋಷ ಹೆಚ್ಚುತ್ತದೆ.

ಬೆಟ್ಟದ ಮೇಲೆ ಈ ಸಮಸ್ಯೆಯಿಲ್ಲ. 634ರಲ್ಲಿ ರವಿಕೀರ್ತಿ ಐಹೊಳೆಯಲ್ಲಿ ಕಟ್ಟಿಸಿದ ಜಿನಾಲಯ ನಿಂತದ್ದು ಗುಡ್ಡದ ಬಂಡೆಯ ಮೇಲೆ. ಬಂಡೆ ಉಬ್ಬದು, ಕುಗ್ಗದು. ಬಯಲಿನ ಒಕ್ಕಲಿಗನಿಗೆ ಆ ಆಯ್ಕೆಯಿರಲಿಲ್ಲ. ಅವನು ಮೊರಡಿಯನ್ನೋ ದಿನ್ನೆಯನ್ನೋ ಹುಡುಕಿದ. ಇಲ್ಲವೆ ಎರೆಯನ್ನು ದಾಟಿ ಗಟ್ಟಿ ಗರಸು ಸಿಗುವವರೆಗೆ ಪಾಯ ತೋಡಿದ. ಕಾಳು ತುಂಬುವ ಹಗೇವಿಗೂ ತೇವವಿಲ್ಲದ ನೆಲವೇ ಬೇಕಿತ್ತು. ಸಮತಟ್ಟಾಗಿ ಕಾಣುವ ಮಣ್ಣಿನ ಮಾಳಿಗೆಗೂ ನೀರು ಜಾರುವಷ್ಟು ಇಳಿಜಾರು ಕೊಟ್ಟ.

‘ಬೃಹತ್ಸಂಹಿತೆ’ಯಲ್ಲಿ ವಾಸ್ತುವಿದ್ಯೆಯನ್ನು ಅನುಸರಿಸಿ ಬರುವುದು ಅಂತರ್ಜಲ ಶೋಧನೆಯ ದಕಾರ್ಗಲಾಧ್ಯಾಯ. ಕಲ್ಯಾಣದ ಚಾಲುಕ್ಯ ಇಮ್ಮಡಿ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನು (ಗೊಮ್ಮಟನನ್ನು ನಿಲ್ಲಿಸಿದವನಲ್ಲ) ರಚಿಸಿದ ‘ಲೋಕೋಪಕಾರ’ವೂ ಗೃಹನಿರ್ಮಾಣ, ಜಲಶೋಧನೆಗಳೆರಡನ್ನೂ ಕನ್ನಡದಲ್ಲಿ ಒಂದೇ ಕೃತಿಯಲ್ಲಿ ಇರಿಸಿಕೊಂಡಿದೆ. ಈ ಸಾಮೀಪ್ಯ ಅರ್ಥಪೂರ್ಣ. ಮನೆಯ ನೆಲದಿಂದ ನೀರು ತೊಲಗಬೇಕು, ಆದರೆ ಕೈಗೆಟುಕುವಷ್ಟು ಹತ್ತಿರದಲ್ಲಿ ನೀರು ಸಿಗಬೇಕು. ತನ್ನ ಹೆಸರಿನಲ್ಲಿಯೇ ಬಾವಿಯನ್ನು ಹೊತ್ತ ಊರಿಗೆ ಇದನ್ನು ವಿವರಿಸಬೇಕಾಗಿಲ್ಲ.

ವಾಸ್ತುಗ್ರಂಥಗಳನ್ನು ಮೂಢನಂಬಿಕೆಯೆಂದು ತಳ್ಳುವವರೂ ಸಾರ್ವಕಾಲಿಕ ವಿಜ್ಞಾನವೆಂದು ಹೊಗಳುವವರೂ ಒಂದೇ ತಪ್ಪು ಮಾಡುತ್ತಾರೆ: ಅವರು ಮಣ್ಣನ್ನು ಬಿಟ್ಟು ಶ್ಲೋಕವನ್ನಷ್ಟೇ ಓದುತ್ತಾರೆ. ಒಂದು ಮೊಳದ ಗುಂಡಿಯನ್ನು ತೋಡಿಸಿದ ಗ್ರಂಥಕ್ಕೆ ಎರೆನೆಲದ ಒಕ್ಕಲಿಗನು ಇನ್ನೂ ಆಳಕ್ಕೆ ತೋಡಿ ಭಾಷ್ಯ ಬರೆದಿದ್ದಾನೆ. ಆ ಭಾಷ್ಯ ಇರುವುದು ಓಲೆಗರಿಯಲ್ಲಲ್ಲ, ಹಳೆಯ ಮನೆಗಳ ಪಾಯದಲ್ಲಿ.