ಬಾಡಿಗೆ ಏರಿಕೆ: ಬಾಯಿಮಾತು ಸಾಕೇ?

‘ಬರೂ ತಿಂಗಳಿಂದ ಐನೂರು ಹೆಚ್ಚಿಗಿ ಕೊಡ್ರಿ.’ ರಾಯಚೂರು ನಗರವಿರಲಿ, ದೇವದುರ್ಗ ತಾಲ್ಲೂಕಿನ ಮಸರಕಲ್ ಇರಲಿ, ಬಾಡಿಗೆ ಏರಿಕೆ ತಿಳಿಯುವುದು ಸಾಮಾನ್ಯವಾಗಿ ಹೊಸ್ತಿಲ ಬಳಿಯ ಇಂಥ ಮಾತಿನಿಂದ. ಆದರೆ ಕಾನೂನು ಕೇಳುವುದು ಬರಹವನ್ನು.

1956ರ ಏಕೀಕರಣಕ್ಕೆ ಮುನ್ನ ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತು. ಆ ರಾಜ್ಯ 1954ರಲ್ಲಿ ಮನೆ ಬಾಡಿಗೆ ನಿಯಂತ್ರಣ ಕಾಯ್ದೆ ತಂದಿತು. ಮುಂದೆ 1961ರ ಮೈಸೂರು ಕಾಯ್ದೆ ಅದರ ಜಾಗಕ್ಕೆ ಬಂತು. ನಿಯಂತ್ರಣಾಧಿಕಾರಿ ಒಮ್ಮೆ ನ್ಯಾಯವಾದ ಬಾಡಿಗೆ ಗೊತ್ತುಪಡಿಸಿದರೆ ಮಾಲೀಕರು ಮನಬಂದಂತೆ ಏರಿಸುವಂತಿರಲಿಲ್ಲ.

2001ರ ಡಿಸೆಂಬರ್ 31ರಂದು ಜಾರಿಯಾದ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಪರಿಷ್ಕರಣೆಗೆ ದಾರಿ ಮಾಡಿತು, ಜೊತೆಗೆ ಕ್ರಮವನ್ನೂ ಹೇಳಿತು. ನೋಟಿಸು ಲಿಖಿತವಾಗಿರಬೇಕು, ಸಹಿ ಇರಬೇಕು. ಕೊಟ್ಟು 30 ದಿನ ಕಳೆದ ಮೇಲಷ್ಟೇ ಹೊಸ ದರ. ತಲುಪಿಸುವ ಬಗೆಯನ್ನು 1882ರ ಆಸ್ತಿ ವರ್ಗಾವಣೆ ಕಾಯ್ದೆಯಿಂದ ಪಡೆಯಲಾಯಿತು: ಅಂಚೆ ಮೂಲಕ, ಬಾಡಿಗೆದಾರರ ಕೈಗೆ, ಇಲ್ಲವೇ ಮನೆಮಂದಿಗೆ ಅಥವಾ ಆಳಿಗೆ. ಅದಾಗದಿದ್ದರೆ ಮನೆಯ ಎದ್ದುಕಾಣುವ ಜಾಗಕ್ಕೆ ಅಂಟಿಸಬೇಕು.

ಈ ರಕ್ಷಣೆ ಎಲ್ಲರಿಗೂ ಇಲ್ಲ. ಅದು ಅನುಸೂಚಿಯಲ್ಲಿರುವ ಊರುಗಳಿಗೆ ಸೀಮಿತ. ಅಲ್ಲಿಯೂ ತಿಂಗಳ ಬಾಡಿಗೆ ದೊಡ್ಡ ನಗರಗಳಲ್ಲಿ 3,500, ಉಳಿದೆಡೆ 2,000 ರೂಪಾಯಿ ಮೀರಿದರೆ ಅನ್ವಯಿಸದು. ಮಸರಕಲ್‌ನಂಥ ಹಳ್ಳಿಯಲ್ಲಿ ಉಭಯರ ಕರಾರೇ ಆಧಾರ. ಕರಾರಿನಲ್ಲಿ ಏರಿಕೆಯ ಮಾತಿಲ್ಲದಿದ್ದರೆ ಬಾಡಿಗೆದಾರರ ಒಪ್ಪಿಗೆ ಬೇಕು. ಒಪ್ಪದಿದ್ದರೆ, ತಿಂಗಳ ಲೆಕ್ಕದ ಬಾಡಿಗೆಯನ್ನು ಕೊನೆಗಾಣಿಸಲು ಮಾಲೀಕರು 15 ದಿನಗಳ ಲಿಖಿತ ನೋಟಿಸು ಕೊಡಬೇಕು.

ಜಗಳ ನ್ಯಾಯಾಲಯದ ಮೆಟ್ಟಿಲೇರಿದಾಗ ಹೊಸ್ತಿಲ ಮಾತಿಗೆ ಸಾಕ್ಷಿ ಸಿಗುವುದು ಕಷ್ಟ. ಸಹಿ ಮಾಡಿದ ಕಾಗದವೊಂದಿದ್ದರೆ ಮಾಲೀಕರಿಗೂ ಬಾಡಿಗೆದಾರರಿಗೂ ಅದೇ ಸಾಕ್ಷಿ.