ಪ್ರಯೋಗಾಲಯದ ಇಲಿ ಮತ್ತು ಹೆಸರುಗಳ ಇತಿಹಾಸ

ಮೈಸೂರು ಕಡೆಯವರು ಸೀಬೆ ಎನ್ನುವ ಹಣ್ಣನ್ನು ಉತ್ತರ ಕರ್ನಾಟಕದವರು ಪೇರಲ ಎನ್ನುತ್ತಾರೆ. ಕೆಲವು ಊರುಗಳಲ್ಲಿ ಅದು ಚೇಪೆ. ಉರ್ದು ಪಠ್ಯಪುಸ್ತಕದಲ್ಲಿ ಅಮ್ರೂದ್. ದಖನಿ ಮಾತನಾಡುವ ಅನೇಕ ಮನೆಗಳಲ್ಲಿ ಜಾಮ್. ಸಂತೆಯಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಹಣ್ಣು ಕಣ್ಣೆದುರಿಗೇ ಇರುತ್ತದೆ, ಬೆರಳು ತೋರಿಸಿದರೆ ಸಾಕು. ಆದರೆ ತೋರಿಸಲು ಹಣ್ಣೇ ಇಲ್ಲದೆ, ಕಾಗದದ ಮೇಲೆ ಹೆಸರೊಂದೇ ಇದ್ದರೆ ಏನು ಮಾಡುವುದು? ಐವರು ಐದು ಹಣ್ಣುಗಳ ಬಗ್ಗೆ ಬರೆದಿದ್ದಾರೆಂದೇ ದೂರದ ಓದುಗನು ತಿಳಿಯುತ್ತಾನೆ.

ವಂಶವಾಹಿಗಳನ್ನು, ಅಂದರೆ ಜೀನುಗಳನ್ನು, ಅಧ್ಯಯನ ಮಾಡುವವರಿಗೆ ಎದುರಾದದ್ದು ಇದೇ ತೊಡಕು. ಜೀನು ಬರಿಗಣ್ಣಿಗೆ ಕಾಣುವ ವಸ್ತುವಲ್ಲ. ಅದರಿಂದಾದ ಪರಿಣಾಮವನ್ನು ನೋಡಿ ಯಾರೋ ಒಬ್ಬರು ಹೆಸರಿಡುತ್ತಾರೆ. ಇನ್ನೊಂದು ದೇಶದಲ್ಲಿ ಇನ್ನೊಬ್ಬರು ಅದೇ ಜೀನಿಗೆ ಬೇರೆ ಹೆಸರಿಡುತ್ತಾರೆ. ಈ ಗೊಂದಲವನ್ನು ಬಿಡಿಸಲು ಸುಮಾರು ನೂರು ವರ್ಷಗಳಿಂದ ನಡೆದಿರುವ ಕೆಲಸದ ಕಥೆಯನ್ನು ಈ ಲೇಖನದಲ್ಲಿ ಹೇಳಬೇಕೆಂದಿದ್ದೇನೆ. ಕಥೆಯ ನಾಯಕ ಒಂದು ಪುಟ್ಟ ಇಲಿ. ಹೆಗ್ಗಣವಲ್ಲ, ಉರ್ದುವಿನಲ್ಲಿ ನಾವು ಚುಹಿಯಾ ಎನ್ನುವ ಸಣ್ಣ ಮನೆಯಿಲಿ. ಬೇಗ ಮರಿ ಹಾಕುತ್ತದೆ, ಕಡಿಮೆ ತಿನ್ನುತ್ತದೆ, ಸ್ವಲ್ಪ ಜಾಗದಲ್ಲಿ ಬದುಕುತ್ತದೆ. ಅದರ ಬಹುತೇಕ ಎಲ್ಲ ಜೀನುಗಳಿಗೂ ಮನುಷ್ಯನಲ್ಲಿ ಸಂಬಂಧಿ ಜೀನುಗಳಿವೆ. ಆದ್ದರಿಂದಲೇ ವೈದ್ಯಕೀಯ ಸಂಶೋಧನೆಗೆ ಇಲಿ ಅಷ್ಟು ಹತ್ತಿರದ ಪ್ರಾಣಿಯಾಯಿತು.

ಈ ಕಥೆಯ ಆರಂಭದಲ್ಲಿ ಶಿಕ್ಷಕಿಯೊಬ್ಬರಿದ್ದಾರೆ ಎಂಬುದು ನನ್ನಂತಹ ಶಿಕ್ಷಕನಿಗೆ ಸಂತೋಷದ ಸಂಗತಿ. ಆಬಿ ಲೇಥ್ರಾಪ್ ಎಂಬುದು ಅವರ ಹೆಸರು. 1868ರಲ್ಲಿ ಅಮೆರಿಕದಲ್ಲಿ ಜನಿಸಿದವರು. ಆರೋಗ್ಯ ಕೆಟ್ಟು ಶಾಲೆ ಬಿಟ್ಟ ಅವರು ಮ್ಯಾಸಚೂಸೆಟ್ಸ್ ರಾಜ್ಯದ ಗ್ರ್ಯಾನ್‌ಬಿ ಎಂಬ ಊರಿನಲ್ಲಿ ನೆಲೆಸಿ, ಕೋಳಿ ಸಾಕಿ ಕೈಸುಟ್ಟುಕೊಂಡರು. ಆಮೇಲೆ ಅಲಂಕಾರದ ಇಲಿಗಳನ್ನು ಸಾಕಿ ಮಾರಲು ತೊಡಗಿದರು. ಬಿಳಿ, ಕಪ್ಪು, ಕಂದು, ಗಿರಗಿರನೆ ಸುತ್ತುವ ‘ಕುಣಿಯುವ ಇಲಿ’ ಹೀಗೆ ತರತರದ ಇಲಿಗಳು ಅವರ ಕೊಟ್ಟಿಗೆಯಲ್ಲಿದ್ದವು. ಒಂದು ಹಂತದಲ್ಲಿ ಅವುಗಳ ಸಂಖ್ಯೆ 11,000ವನ್ನೂ ದಾಟಿತ್ತು. ಕೊಳ್ಳುವವರು ಮೊದಲು ಹವ್ಯಾಸಿಗಳಾಗಿದ್ದರು. ಕ್ರಮೇಣ ಹಾರ್ವರ್ಡ್ ವಿಶ್ವವಿದ್ಯಾಲಯದಂತಹ ಸಂಸ್ಥೆಗಳ ವಿಜ್ಞಾನಿಗಳೂ ಬಂದರು. ಲೇಥ್ರಾಪ್ ಕೇವಲ ವ್ಯಾಪಾರ ಮಾಡಲಿಲ್ಲ. ಯಾವ ಇಲಿ ಯಾವುದರ ಮರಿ, ಯಾವುದಕ್ಕೆ ಗಡ್ಡೆ ಎದ್ದಿತು ಎಂದು ಪುಸ್ತಕಗಳಲ್ಲಿ ಬರೆದಿಟ್ಟರು. ಲಿಯೋ ಲೋಬ್ ಎಂಬ ವೈದ್ಯವಿಜ್ಞಾನಿಯೊಡನೆ ಸೇರಿ ಕ್ಯಾನ್ಸರ್ ಕುರಿತ ಸಂಶೋಧನಾ ಲೇಖನಗಳನ್ನೂ ಪ್ರಕಟಿಸಿದರು. ಕಾಲೇಜಿನ ಹುದ್ದೆಯಾಗಲಿ ಪ್ರಯೋಗಾಲಯವಾಗಲಿ ಇಲ್ಲದ ಮಹಿಳೆಯೊಬ್ಬರು ಆ ಕಾಲದಲ್ಲಿ ಇಷ್ಟನ್ನು ಮಾಡಿದರೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ಗಮನಿಸಬೇಕು. 1918ರಲ್ಲಿ ಅವರು ತೀರಿಕೊಂಡರು.

ಅವರ ಇಲಿಗಳಲ್ಲಿ 57ನೇ ಸಂಖ್ಯೆಯ ಹೆಣ್ಣಿಲಿಯ ಸಂತತಿಯಿಂದ ಕ್ಲಾರೆನ್ಸ್ ಕುಕ್ ಲಿಟ್ಲ್ ಎಂಬ ವಿಜ್ಞಾನಿ 1921ರಲ್ಲಿ ಕಪ್ಪು ಇಲಿಗಳ ಒಂದು ತಳಿಯನ್ನು ಬೆಳೆಸಿದರು. ಇಂದು ಜಗತ್ತಿನಲ್ಲೇ ಅತಿ ಹೆಚ್ಚು ಬಳಕೆಯಲ್ಲಿರುವ ‘ಸಿ57 ಬ್ಲ್ಯಾಕ್ 6’ ಇಲಿ ಆ ವಂಶದ್ದು. ಇದೇ ಲಿಟ್ಲ್ 1929ರಲ್ಲಿ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಜ್ಯಾಕ್ಸನ್ ಪ್ರಯೋಗಾಲಯವನ್ನು ಸ್ಥಾಪಿಸಿದರು. (ಮುಂದೆ 1954ರಿಂದ ಇವರೇ ತಂಬಾಕು ಕಂಪನಿಗಳು ಕಟ್ಟಿದ ಸಂಶೋಧನಾ ಸಮಿತಿಯ ವೈಜ್ಞಾನಿಕ ನಿರ್ದೇಶಕರಾಗಿ, ಸಿಗರೇಟಿಗೂ ಕ್ಯಾನ್ಸರಿಗೂ ನಂಟು ಸಾಬೀತಾಗಿಲ್ಲವೆಂದು ವಾದಿಸಿದರು. ದೊಡ್ಡ ಕೆಲಸ ಮಾಡಿದವರ ಎಲ್ಲ ಕೆಲಸವೂ ದೊಡ್ಡದಾಗಿರುವುದಿಲ್ಲ.)

ಇತ್ತ ಇಂಗ್ಲೆಂಡಿನಲ್ಲಿ 1915ರಲ್ಲಿ ಜೆ.ಬಿ.ಎಸ್. ಹಾಲ್ಡೇನ್, ಅವರ ತಂಗಿ ನವೋಮಿ ಮತ್ತು ಗೆಳೆಯ ಸ್ಪ್ರಂಟ್ ಇಲಿಯ ಎರಡು ಜೀನುಗಳು ಒಟ್ಟೊಟ್ಟಿಗೆ ಮರಿಗಳಿಗೆ ಸಾಗುತ್ತವೆಂದು ತೋರಿಸಿದರು. ಅಂದರೆ ಅವೆರಡೂ ಒಂದೇ ವರ್ಣತಂತುವಿನ ಮೇಲೆ ಅಕ್ಕಪಕ್ಕದಲ್ಲಿವೆ. ಸ್ತನಿ ಪ್ರಾಣಿಗಳ ಜೀನು ನಕ್ಷೆಯ ಮೊದಲ ಗೆರೆ ಅದು. ಲೇಖನ ಹೊರಬರುವ ವೇಳೆಗೆ ಸ್ಪ್ರಂಟ್ ಮಹಾಯುದ್ಧದಲ್ಲಿ ಮಡಿದಿದ್ದರು. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ನಿಧನರಾದರೆಂಬುದು ನಿಮ್ಮಲ್ಲಿ ಕೆಲವರಿಗೆ ತಿಳಿದಿರಬಹುದು. ಅವರು ಗಮನಿಸಿದ ಎರಡು ಜೀನುಗಳಲ್ಲಿ ಒಂದು ಇಲಿಯನ್ನು ಪೂರ್ತಿ ಬಿಳಿಯಾಗಿಸುವಂಥದ್ದು, ಇನ್ನೊಂದು ಕಣ್ಣನ್ನು ಗುಲಾಬಿಯಾಗಿಸಿ ತುಪ್ಪಳದ ಬಣ್ಣವನ್ನು ತಿಳಿಯಾಗಿಸುವಂಥದ್ದು. ಇವಕ್ಕೆ ಒಂದೊಂದೇ ಅಕ್ಷರದ ಹೆಸರಿತ್ತು. ಹುಟ್ಟಿನಿಂದಲೇ ಮೈಬಣ್ಣ, ಕೂದಲು ಎಲ್ಲ ಬೆಳ್ಳಗಿರುವ, ಬಿಸಿಲಿಗೆ ಕಣ್ಣು ಬಿಡಲಾಗದ ಮಕ್ಕಳನ್ನು ನೀವು ಕಂಡಿರಬಹುದು. ಅಂತಹ ಅನೇಕರಲ್ಲಿ ಕೆಟ್ಟಿರುವುದು ಇವೇ ಎರಡರಲ್ಲಿ ಒಂದು ಜೀನು. ಆದರೆ ವೈದ್ಯರ ಪುಸ್ತಕದಲ್ಲಿ ಅವುಗಳ ಹೆಸರು ಬೇರೆಯೇ ಆಗಿದೆ. ಎರಡೂ ಒಂದೇ ಎಂದು ಹೇಳುವವರು ಯಾರು?

ಒಂದಕ್ಷರದ ಹೆಸರು ಎಷ್ಟು ದಿನ ಸಾಲೀತು? ಹೊಸ ಹೊಸ ಇಲಿಗಳು ಪತ್ತೆಯಾದಂತೆ ಅಕ್ಷರಗಳು ಮುಗಿದವು, ಜಗಳಗಳು ಹುಟ್ಟಿದವು. 1940ರಲ್ಲಿ ಡನ್, ಗ್ರೂನೆಬರ್ಗ್ ಮತ್ತು ಸ್ನೆಲ್ ಎಂಬ ಮೂವರ ಸಮಿತಿ ಹೆಸರಿಡುವ ನಿಯಮಗಳನ್ನು ಪ್ರಕಟಿಸಿತು. ತಳಿಗಳ ಹೆಸರಿಗೂ 1952ರಲ್ಲಿ ನಿಯಮಗಳು ಬಂದವು. ಅಣ್ಣ-ತಂಗಿ ಇಲಿಗಳನ್ನೇ ಸತತ 20 ತಲೆಮಾರು ಕೂಡಿಸಿದರೆ ಮಾತ್ರ ಅದು ಶುದ್ಧ ತಳಿ. ‘ಸಿ57ಬಿಎಲ್/6ಜೆ’ ಎಂಬ ಹೆಸರನ್ನು ಬಿಡಿಸಿ ಓದಿ ನೋಡಿ. 57 ಆ ತಾಯಿ ಇಲಿಯ ಸಂಖ್ಯೆ, ಬಿಎಲ್ ಎಂದರೆ ಕಪ್ಪು, 6 ಉಪತಳಿ, ಜೆ ಎಂದರೆ ಜ್ಯಾಕ್ಸನ್. ಹೆಸರಲ್ಲ ಅದು, ಒಂದು ವಂಶಾವಳಿ! ಕೊನೆಯ ಅಕ್ಷರವೂ ಸುಮ್ಮನೆ ಇಲ್ಲ. 1951ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಹೋದ ಇದೇ ಇಲಿಗಳ ಸಂತತಿಗೆ ‘ಎನ್’ ಎಂಬ ಅಕ್ಷರ ಬಂತು. ಕಾಲಾಂತರದಲ್ಲಿ ಜೆ ಇಲಿಯಲ್ಲಿ ಇನ್ಸುಲಿನ್‌ಗೆ ಸಂಬಂಧಿಸಿದ ಒಂದು ದೋಷವೂ, ಎನ್ ಇಲಿಯಲ್ಲಿ ಕಣ್ಣಿನ ಒಂದು ದೋಷವೂ ಸೇರಿಕೊಂಡಿರುವುದು ತಿಳಿದುಬಂತು. ‘ಕಪ್ಪು ಇಲಿಯ ಮೇಲೆ ಪ್ರಯೋಗ ಮಾಡಿದೆವು’ ಎಂದಷ್ಟೇ ಬರೆದು ಅಕ್ಷರ ಬಿಟ್ಟವನ ಕಣ್ಣಿನ ಸಂಶೋಧನೆಯನ್ನು ನಂಬುವುದು ಹೇಗೆ?

ದಾಖಲೆಯ ಬೆಲೆ 1947ರ ಅಕ್ಟೋಬರಿನಲ್ಲೇ ತಿಳಿದಿತ್ತು. ಆಗ ಬಾರ್ ಹಾರ್ಬರ್‌ನಲ್ಲಿ ಎದ್ದ ಕಾಡ್ಗಿಚ್ಚಿಗೆ ಪ್ರಯೋಗಾಲಯವೂ ಅಲ್ಲಿನ ಬಹುಪಾಲು ಇಲಿಗಳೂ ಆಹುತಿಯಾದವು. ಹಿಂದೆ ಅಲ್ಲಿಂದ ಇಲಿ ಪಡೆದಿದ್ದ ಸಂಶೋಧಕರು ಅವುಗಳ ಸಂತತಿಯನ್ನು ಮರಳಿ ಕಳುಹಿಸಿಕೊಟ್ಟರು. ಯಾವ ಇಲಿ ಯಾವ ತಳಿ ಎಂಬ ಹೆಸರು, ವಂಶಾವಳಿ ಖಚಿತವಾಗಿದ್ದುದರಿಂದಲೇ ಆ ಇಲಿಗಳು ಕೆಲಸಕ್ಕೆ ಬಂದವು.

1940ರ ದಶಕದ ಕೊನೆಯಲ್ಲಿ ‘ಮೌಸ್ ನ್ಯೂಸ್ ಲೆಟರ್’ ಎಂಬ ಸರಳ ವಾರ್ತಾಪತ್ರ ಆರಂಭವಾಯಿತು. ಯಾರ ಬಳಿ ಯಾವ ಇಲಿ ಇದೆ, ಯಾವ ಹೊಸ ಹೆಸರು ಬಂದಿದೆ ಎಂಬ ಸುದ್ದಿ ಅದರಲ್ಲಿರುತ್ತಿತ್ತು. ಅದನ್ನು ವರ್ಷಗಟ್ಟಲೆ ಸಂಪಾದಿಸಿದವರು ಇಂಗ್ಲೆಂಡಿನ ಮೇರಿ ಲಯನ್. ಹೆಣ್ಣು ಜೀವಿಯ ಪ್ರತಿ ಜೀವಕೋಶದಲ್ಲಿ ಎರಡು ಎಕ್ಸ್ ವರ್ಣತಂತುಗಳ ಪೈಕಿ ಒಂದು ಮೌನವಾಗಿರುತ್ತದೆಂದು 1961ರಲ್ಲಿ ಪ್ರತಿಪಾದಿಸಿದವರೂ ಇವರೇ. ಅಷ್ಟು ದೊಡ್ಡ ವಿಜ್ಞಾನಿ ಹೆಸರುಗಳ ಸಮಿತಿಯ ಅಧ್ಯಕ್ಷತೆಯನ್ನೂ ದೀರ್ಘಕಾಲ ವಹಿಸಿದ್ದರು. ಅಮೆರಿಕದಲ್ಲಿ ಮಾರ್ಗರೆಟ್ ಗ್ರೀನ್ ಜೀನುಗಳ ನಕ್ಷೆಯನ್ನು ದಶಕಗಳ ಕಾಲ ತಿದ್ದುತ್ತ, 1981ರಲ್ಲಿ ತಿಳಿದಿದ್ದ ಎಲ್ಲ ಜೀನುರೂಪಗಳ, ತಳಿಗಳ ದೊಡ್ಡ ಗ್ರಂಥವನ್ನು ಸಂಪಾದಿಸಿದರು. ಇಂತಹ ಕೆಲಸಕ್ಕೆ ಪ್ರಶಸ್ತಿಗಳು ಕಡಿಮೆ. ಗ್ರಂಥಾಲಯದ ಕ್ಯಾಟಲಾಗ್ ಬರೆಯುವವನನ್ನು ಯಾರು ಸನ್ಮಾನಿಸುತ್ತಾರೆ?

ಈಗ ಒಂದೇ ಒಂದು ಹೆಸರಿನ ಕಥೆಯನ್ನು ಸ್ವಲ್ಪ ವಿವರವಾಗಿ ನೋಡೋಣ. 1949ರಲ್ಲಿ ಜ್ಯಾಕ್ಸನ್ ಪ್ರಯೋಗಾಲಯದಲ್ಲಿ ಕೆಲವು ಮರಿಗಳು ವಿಪರೀತ ದಪ್ಪವಾದವು. ಸದಾ ತಿನ್ನುತ್ತಿದ್ದವು. ಮರುವರ್ಷ ಇದು ಪ್ರಕಟವಾಯಿತು. ‘ಒಬೀಸ್’ ಎಂಬ ಪದದಿಂದ ಜೀನಿಗೆ ‘ಒಬಿ’ ಎಂದು ಹೆಸರಿಟ್ಟರು. 1966ರಲ್ಲಿ ಇನ್ನೊಂದು ಬಗೆಯ ದಪ್ಪ ಇಲಿ ವರದಿಯಾಯಿತು. ಅದಕ್ಕೆ ಸಕ್ಕರೆ ಕಾಯಿಲೆಯೂ ಇದ್ದುದರಿಂದ ‘ಡಿಬಿ’ ಎಂದರು. ಡಗ್ಲಸ್ ಕೋಲ್ಮನ್ ಈ ಎರಡು ಬಗೆಯ ಇಲಿಗಳ ರಕ್ತಪ್ರವಾಹವನ್ನು ಜೋಡಿಸಿ ನೋಡಿದಾಗ ಒಬಿ ಇಲಿ ಊಟ ಬಿಟ್ಟಿತು. ಡಿಬಿ ಇಲಿಗೆ ಏನೂ ಆಗಲಿಲ್ಲ. ಹೊಟ್ಟೆ ತುಂಬಿತೆಂದು ಹೇಳುವ ಯಾವುದೋ ವಸ್ತು ಒಬಿಯಲ್ಲಿ ಇಲ್ಲ, ಡಿಬಿಯಲ್ಲಿ ಆ ವಸ್ತು ಇದೆ, ಆದರೆ ಅದನ್ನು ಕೇಳಿಸಿಕೊಳ್ಳುವ ಕಿವಿಯಿಲ್ಲ ಎಂದು ಅವರು ತರ್ಕಿಸಿದರು. 1994ರಲ್ಲಿ ಜೆಫ್ರಿ ಫ್ರೀಡ್ಮನ್ ತಂಡ ಒಬಿ ಜೀನನ್ನೇ ಪತ್ತೆಹಚ್ಚಿತು. ಅದು ತಯಾರಿಸುವ ಹಾರ್ಮೋನಿಗೆ, ತೆಳ್ಳಗಿನ ಎಂಬ ಅರ್ಥದ ಗ್ರೀಕ್ ಪದದಿಂದ, ಲೆಪ್ಟಿನ್ ಎಂಬ ಹೆಸರು ಬಂತು. ಆಗ ಜೀನಿನ ಹೆಸರೂ ಬದಲಾಗಬೇಕಾಯಿತು. ಜೀನು ‘ಲೆಪ್’ ಆಯಿತು; ‘ಒಬಿ’ ಎಂಬುದು ಅದರ ಕೆಟ್ಟ ರೂಪದ ಗುರುತಾಗಿ ಮೇಲೆ ಸಣ್ಣಕ್ಷರದಲ್ಲಿ ಉಳಿಯಿತು. ಡಿಬಿ ಇಲಿಯಲ್ಲಿ ಕೆಟ್ಟಿದ್ದುದು ಲೆಪ್ಟಿನ್‌ನ ಗ್ರಾಹಕದ ಜೀನು. ಹೆಗ್ಗಣ ಜಾತಿಗೆ ಹತ್ತಿರದ ದೊಡ್ಡ ಇಲಿಗಳಲ್ಲಿ ‘ಫ್ಯಾಟಿ’ ಎಂದು ಬೇರೆಯವರು ಹೆಸರಿಟ್ಟಿದ್ದುದೂ ಅದೇ ಜೀನಾಗಿತ್ತು. ಸೀಬೆ, ಪೇರಲದ ಕಥೆಯೇ ಅಲ್ಲವೇ?

ಹಳೆಯ ಹೆಸರು, ಹೊಸ ಹೆಸರು, ಯಾವ ಲೇಖನದಲ್ಲಿ ಯಾವುದು ಎಂಬುದನ್ನೆಲ್ಲ ಕಾರ್ಡುಗಳಲ್ಲಿ, ಗ್ರಂಥಗಳಲ್ಲಿ ಇಡುವುದು ಅಸಾಧ್ಯವಾದಾಗ ಕಂಪ್ಯೂಟರ್ ಬಂತು. ಜ್ಯಾಕ್ಸನ್ ಪ್ರಯೋಗಾಲಯದ ಇಲಿ ಜೀನೋಮ್ ಮಾಹಿತಿಕೋಶವು 1994ರಲ್ಲಿ ಅಂತರಜಾಲದಲ್ಲಿ ತೆರೆದುಕೊಂಡಿತು. 2002ರ ಡಿಸೆಂಬರಿನಲ್ಲಿ ಇಲಿಯ ಜೀನೋಮ್‌ನ ಸುಮಾರು 250 ಕೋಟಿ ಅಕ್ಷರಗಳ ಪಾಠ ಪ್ರಕಟವಾಯಿತು. ಓದಲು ಆರಿಸಿಕೊಂಡದ್ದು ಲೇಥ್ರಾಪ್ ಅವರ 57ನೇ ಇಲಿಯ ವಂಶದ ಒಂದು ಹೆಣ್ಣನ್ನೇ.

ಜೀನಿಗೆ ಹೆಸರಿಟ್ಟರೆ ಮುಗಿಯಲಿಲ್ಲ. ಅದು ಮಾಡುವ ಕೆಲಸವನ್ನೂ ಎಲ್ಲರೂ ಒಂದೇ ಮಾತಿನಲ್ಲಿ ಹೇಳಬೇಕಲ್ಲ! ನೊಣ, ಯೀಸ್ಟ್ ಮತ್ತು ಇಲಿ ಈ ಮೂರರ ಮಾಹಿತಿಕೋಶಗಳವರು 1998ರಲ್ಲಿ ಸೇರಿ ‘ಜೀನ್ ಆಂಟಾಲಜಿ’ ಎಂಬ ಸಮಾನ ಪದಕೋಶವನ್ನು ಆರಂಭಿಸಿದರು. ಅಣುವಿನ ಮಟ್ಟದಲ್ಲಿ ಜೀನು ಏನು ಮಾಡುತ್ತದೆ, ದೇಹದ ಯಾವ ಕಾರ್ಯದಲ್ಲಿ ಪಾಲುಗೊಳ್ಳುತ್ತದೆ, ಜೀವಕೋಶದ ಯಾವ ಭಾಗದಲ್ಲಿರುತ್ತದೆ ಎಂಬ ಮೂರು ವಿಭಾಗ ಅದಕ್ಕೆ. ಸಾಮಾನ್ಯ ನಿಘಂಟಿನಂತೆ ಅಕಾರಾದಿಯಲ್ಲ. ಪ್ರತಿ ಪದವೂ ತನಗಿಂತ ವಿಶಾಲವಾದ ಪದಕ್ಕೆ ಜೋಡಿಸಿಕೊಂಡಿರುತ್ತದೆ, ಪ್ರತಿಯೊಂದಕ್ಕೂ ಒಂದು ಸಂಖ್ಯೆ ಇರುತ್ತದೆ. ಪದದ ರೂಪ ತಿದ್ದಿದರೂ ಸಂಖ್ಯೆ ಬದಲಾಗದು. 2005ರಲ್ಲಿ ಇದೇ ಮಾದರಿಯಲ್ಲಿ ಸ್ತನಿಗಳ ದೇಹಲಕ್ಷಣಗಳ ಪದಕೋಶವೂ ಪ್ರಕಟವಾಯಿತು. ಒಬ್ಬ ಲೇಖಕ ‘ಕೊಬ್ಬಿದ ಇಲಿ’ ಎಂದು, ಇನ್ನೊಬ್ಬ ‘ಭಾರಿ ಇಲಿ’ ಎಂದು ಬರೆದಿರಬಹುದು. ಮಾಹಿತಿಕೋಶದಲ್ಲಿ ಕುಳಿತ ಸಂಪಾದಕರು ಲೇಖನವನ್ನು ಓದಿ, ನಿಜಕ್ಕೂ ತೂಕವೇ ಹೆಚ್ಚಾಗಿದೆಯೇ ಎಂದು ನೋಡಿ, ‘ಹೆಚ್ಚಿದ ದೇಹತೂಕ’ ಎಂಬ ಒಂದೇ ಪದಕ್ಕೆ ಅದನ್ನು ಸೇರಿಸುತ್ತಾರೆ. 2008ರಲ್ಲಿ ಮನುಷ್ಯರ ರೋಗಲಕ್ಷಣಗಳಿಗೂ ಇಂತಹ ಪದಕೋಶ ಬಂತು. ಎರಡನ್ನೂ ಎದುರುಬದುರು ಇಟ್ಟು, ಹೆಸರು ಗೊತ್ತಿಲ್ಲದ ಕಾಯಿಲೆಯ ಮಗುವಿನ ಲಕ್ಷಣಗಳು ಯಾವ ಇಲಿಯ ಲಕ್ಷಣಗಳಿಗೆ ಹೋಲುತ್ತವೆಂದು ಕಂಪ್ಯೂಟರಿನಿಂದ ಹುಡುಕಿಸಬಹುದಾಯಿತು.

ಯಂತ್ರವನ್ನು ಪೂರ್ತಿ ನಂಬಲಾಗದೆಂಬುದಕ್ಕೂ ಇಲ್ಲೊಂದು ತಮಾಷೆಯ ಉದಾಹರಣೆಯಿದೆ. ಸೆಪ್ಟಿನ್ ಗುಂಪಿನ ಜೀನುಗಳನ್ನು ‘ಸೆಪ್ಟ್ 2’ ಎಂಬಂತೆ ಬರೆಯುತ್ತಿದ್ದರು. ಕಚೇರಿಗಳಲ್ಲಿ ಬಳಸುವ ಎಕ್ಸೆಲ್ ತಂತ್ರಾಂಶ ಅದನ್ನು ಸೆಪ್ಟೆಂಬರ್ 2 ಎಂಬ ದಿನಾಂಕವಾಗಿ ತಿರುಗಿಸಿಬಿಡುತ್ತಿತ್ತು! ಪ್ರಕಟವಾದ ಎಷ್ಟೋ ಪಟ್ಟಿಗಳಲ್ಲಿ ಈ ತಪ್ಪು ಸೇರಿತ್ತು. ಕೊನೆಗೆ 2020ರ ವೇಳೆಗೆ ಜೀನುಗಳ ಹೆಸರನ್ನೇ ಬದಲಾಯಿಸಬೇಕಾಯಿತು.

ಇಷ್ಟೆಲ್ಲ ಶ್ರಮ ಯಾರಿಗಾಗಿ ಎಂದು ಕೇಳುವವರಿಗೆ ಇಂಗ್ಲೆಂಡಿನ ಎರಡು ಮಕ್ಕಳ ವಿಷಯ ಹೇಳುತ್ತೇನೆ. ಇದು ಕೇಂಬ್ರಿಜ್‌ನ ವೈದ್ಯರು 1997ರಲ್ಲಿ ವರದಿ ಮಾಡಿದ್ದು. ಎಂಟು ವರ್ಷದ ಹುಡುಗಿ, ತೂಕ 86 ಕಿಲೋ. ಆಕೆಯ ಬಂಧುವಾದ ಎರಡು ವರ್ಷದ ಗಂಡುಮಗು, 29 ಕಿಲೋ. ಎಷ್ಟು ತಿಂದರೂ ಹಸಿವು ಇಂಗುತ್ತಿರಲಿಲ್ಲ. ಇಂತಹ ಮಕ್ಕಳ ತಾಯಂದಿರು ನೆಂಟರಿಂದ ಏನೇನು ಕೇಳಬೇಕಾಗುತ್ತದೆಂಬುದು ನಮಗೆಲ್ಲ ಗೊತ್ತು. ಪರೀಕ್ಷಿಸಿದಾಗ ಇಬ್ಬರ ರಕ್ತದಲ್ಲೂ ಲೆಪ್ಟಿನ್ ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಇಲಿಯ ‘ಒಬಿ’ಗೆ ಸಮಾನವಾದ ಜೀನಿನಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿತ್ತು. ಆ ಕುಟುಂಬದಲ್ಲಿ ರಕ್ತಸಂಬಂಧದೊಳಗೆ ಮದುವೆಗಳು ನಡೆದಿದ್ದವು. ಹೀಗಾಗಿ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದಿತ್ತು. ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳ ನಡುವೆ, ಸೋದರಮಾವ-ಸೊಸೆಯರ ನಡುವೆ, ಅತ್ತೆ-ಮಾವನ ಮಕ್ಕಳ ನಡುವೆ ಮದುವೆಯಾಗುವ ರೂಢಿ ನಮ್ಮ ರಾಜ್ಯದ ಬೇರೆ ಬೇರೆ ಸಮುದಾಯಗಳಲ್ಲಿ ಇರುವುದರಿಂದ ಈ ಮಾತನ್ನು ಬಿಟ್ಟು ಮುಂದೆ ಹೋಗಲಾರೆ. ಆ ಹುಡುಗಿಗೆ ದಿನವೂ ಲೆಪ್ಟಿನ್ ಚುಚ್ಚುಮದ್ದು ಕೊಟ್ಟರು. ಒಂದು ವರ್ಷದಲ್ಲಿ 16 ಕಿಲೋಗೂ ಹೆಚ್ಚು ತೂಕ ಇಳಿಯಿತೆಂದು 1999ರಲ್ಲಿ ವರದಿಯಾಯಿತು.

2016ರಲ್ಲಿ ಇಲಿ, ನೊಣ, ಯೀಸ್ಟ್, ಹುಳು, ಜೀಬ್ರಾಮೀನು ಮತ್ತು ದೊಡ್ಡ ಇಲಿಗಳ ಮಾಹಿತಿಕೋಶಗಳು ಜೀನ್ ಆಂಟಾಲಜಿಯೊಂದಿಗೆ ಒಂದು ಒಕ್ಕೂಟವಾಗಿ ಸೇರಿಕೊಂಡಿವೆ. ಇಲಿಯ ಮಾಹಿತಿಕೋಶವನ್ನು ನೋಡಲು ಶುಲ್ಕವಿಲ್ಲ, ಪದವಿಯನ್ನೂ ಯಾರೂ ಕೇಳುವುದಿಲ್ಲ. ಪಿಯುಸಿಯಲ್ಲಿ ಜೀವಶಾಸ್ತ್ರ ಓದುತ್ತಿರುವವರು ಮೊಬೈಲಿನಲ್ಲೇ ತೆರೆದು, ಹುಡುಕುವ ಜಾಗದಲ್ಲಿ ‘ಒಬೀಸ್’ ಎಂಬ ಹಳೆಯ ಹೆಸರನ್ನೇ ಇಂಗ್ಲಿಷಿನಲ್ಲಿ ಬರೆದು ನೋಡಿ. ಅದು ನಿಮ್ಮನ್ನು ಲೆಪ್ಟಿನ್ ಪುಟಕ್ಕೆ ದಾರಿ ತೋರಿಸುತ್ತದೆ. ಮನುಷ್ಯನ ಅದೇ ಜೀನು ಅಲ್ಲೇ ಪಕ್ಕದಲ್ಲಿ, ಎಲ್ಲ ಅಕ್ಷರಗಳೂ ದೊಡ್ಡಕ್ಷರಗಳಾಗಿ ಬರೆದಿರುತ್ತದೆ.